ವಿಳಾಸ ತಪ್ಪಿದ ಸಿಟ್ಟು

ಕೊಚ್ಚಿಗೆ ಬಂದ ಹೊಸತರಲ್ಲಿ ತೃಪ್ಪೂಣಿತುರದ ಹಿಲ್ ಪ್ಯಾಲೇಸ್ ನೋಡಲು ಹೋಗಿದ್ದೆವು. 1993ರ ‘ಮಣಿಚಿತ್ರತ್ತಾಳ್’ ಚಿತ್ರೀಕರಣವಾದ ಜಾಗಗಳಲ್ಲಿ ಅದೂ ಒಂದು. ನಮ್ಮ ಪಾಲಿಗೆ ಆ ಕಥೆ ಎಂದರೆ 2004ರ ‘ಆಪ್ತಮಿತ್ರ’. ಮಗಳು ನಾಗವಲ್ಲಿಯ ಕೋಣೆ ಹುಡುಕುತ್ತಿದ್ದಳು. ನನ್ನನ್ನು ಕಾಡಿದ್ದು ಆ ಕಥೆಯ ಡಾಕ್ಟರು. ಅವರು ಶತ್ರುವಿನ ಜಾಗದಲ್ಲಿ ಬೊಂಬೆಯಿಟ್ಟು, ಸೇಡು ತೀರಿತೆಂದು ನಂಬಿಸಿ ಗಂಗಾಳನ್ನು ಗುಣಪಡಿಸುತ್ತಾರೆ. ಗುಣವಾಯಿತು, ಸರಿ. ಆದರೆ ಅವಳನ್ನು ಕೇಳಿದವರು ಯಾರು?

ಕಳೆದ ವರ್ಷ ಆ ಪ್ರಶ್ನೆ ನನ್ನ ಬುಡಕ್ಕೇ ಬಂತು. ರಾತ್ರಿ ಹನ್ನೊಂದರ ಕ್ಲೈಂಟ್ ಕಾಲ್‌ನಲ್ಲಿ ನುಂಗಿಕೊಂಡ ಸಿಟ್ಟನ್ನು ಬೆಳಿಗ್ಗೆ ಮಗಳ ಮೇಲೆ ಕಾರುತ್ತಿದ್ದೆ. ಟೆಕ್ನೋಪಾರ್ಕಿನಲ್ಲಿ ಕೆಲಸವಿದ್ದ ದಿನ, ತಿರುವನಂತಪುರದಲ್ಲಿ ಹಿಪ್ನೋಥೆರಪಿ ಮಾಡುವ ಮನಶ್ಶಾಸ್ತ್ರಜ್ಞೆಯೊಬ್ಬರನ್ನು ಕಂಡೆ.

ಇದು ಮಾಟವಲ್ಲ ಎಂಬುದು ಗೊತ್ತಿತ್ತು. 1845ರಲ್ಲೇ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಡಾಕ್ಟರು, ಕ್ಲೋರೋಫಾರ್ಮ್ ಬರುವ ಮೊದಲು, ಇದರ ಪೂರ್ವರೂಪವಾದ ಮೆಸ್ಮೆರಿಸಂ ಬಳಸಿ ಶಸ್ತ್ರಚಿಕಿತ್ಸೆ ಮಾಡಿದ್ದರು. ದೇವಮಾನವರಿಗೆ ಸವಾಲೆಸೆದ ವಿಚಾರವಾದಿ, ತಿರುವಲ್ಲದಲ್ಲಿ ಹುಟ್ಟಿದ ಅಬ್ರಹಾಂ ಕೋವೂರ್ ಕೂಡ ಸಮ್ಮೋಹನ ಬಳಸುತ್ತಿದ್ದರು. ಹಾಗಂತ ಇದು ಸರ್ವರೋಗಕ್ಕೂ ಮದ್ದಲ್ಲ. ಔಷಧಕ್ಕೆ ಬಗ್ಗದ ಐಬಿಎಸ್ ಹೊಟ್ಟೆಬೇನೆಗೆ ಇದನ್ನೂ ಪರಿಗಣಿಸಿ ಎನ್ನುತ್ತದೆ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ. ಸಿಗರೇಟು ಬಿಡಿಸುತ್ತದೆ ಎನ್ನಲು ಮಾತ್ರ ಗಟ್ಟಿ ಪುರಾವೆಯಿಲ್ಲ.

“ಏನು ಬದಲಾಗಬೇಕು?” ಎಂದರು.

“ಸಿಟ್ಟು ಹೋಗಬೇಕು.”

“ಪೂರ್ತಿಯಾಗಿಯೇ?”

ನನ್ನ ಬಾಯಿ ಕಟ್ಟಿತು. ಸಿಟ್ಟು ಪೂರ್ತಿ ಹೋದರೆ ನಡುರಾತ್ರಿಯ ಇನ್ನೆರಡು ಕಾಲ್‌ಗಳಿಗೆ ನಗುನಗುತ್ತಾ ಒಪ್ಪಿಕೊಂಡೇನು. ಅದರಿಂದ ಲಾಭ ಯಾರಿಗೆ? ನನ್ನ ಸಿಟ್ಟು ನಿಜವನ್ನೇ ಹೇಳುತ್ತಿತ್ತು, ವಿಳಾಸ ಮಾತ್ರ ತಪ್ಪಿತ್ತು. “ಸಿಟ್ಟು ಇರಲಿ, ಮಗಳ ಮೇಲೆ ಕೂಗಾಡುವುದು ನಿಲ್ಲಲಿ” ಎಂದೆ. ದನಿ ಏರುವ ಮೊದಲು ಉಸಿರು ನಿಧಾನವಾಗುತ್ತದೆ ಎಂಬ ಸೂಚನೆಯನ್ನು, ನಾನು ಕಣ್ಣು ಮುಚ್ಚಿ ಕೂತಿದ್ದಾಗ, ಅವರು ಮತ್ತೆ ಮತ್ತೆ ಹೇಳಿದರು. ನಿದ್ದೆಯೇನೂ ಬರಲಿಲ್ಲ, ಹೊರಗಿನ ಆಟೋ ಹಾರ್ನ್ ಕೇಳುತ್ತಲೇ ಇತ್ತು.

ಬೇರೆಯವರ ಮಾತಿನಿಂದ ಬಂದ ಬದಲಾವಣೆ ನನ್ನದೇ? ಹೌದು ಅನಿಸುತ್ತದೆ. ಅಮ್ಮನ ಬುದ್ಧಿಮಾತು, ಮೇಷ್ಟ್ರ ಗದರಿಕೆ ಕೂಡ ಹೊರಗಿನಿಂದಲೇ ಬಂದವು. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ತಿಳಿದು ಒಪ್ಪಿದವನು ನಾನು. ಗಂಗಾಳಿಗೆ ಸಿಗದೇ ಹೋದದ್ದು ಅದೇ.

ನಾಲ್ಕು ಸಲ ಹೋಗಿಬಂದ ಮೇಲೆ ಕೂಗಾಟ ಕಮ್ಮಿಯಾಯಿತು. ಒಂದು ದಿನ ಮಗಳು, “ಡಾಕ್ಟ್ರು ಹೇಳಿದ್ರು ಅಂತ ಬಯ್ತಿಲ್ವಾ ಅಪ್ಪಾ?” ಎಂದಳು. ಆಗ ಹೊಳೆಯಿತು: ಚಿಕಿತ್ಸೆ ನಾಳೆಯ ನನ್ನನ್ನು ತಿದ್ದೀತು, ನಿನ್ನೆ ಬೈಸಿಕೊಂಡವಳ ಲೆಕ್ಕ ಹಾಗೇ ಬಾಕಿ ಇದೆ. ಅದನ್ನು ಕಣ್ಣು ಮುಚ್ಚಿ ತೀರಿಸಲಾಗದು.

ಪಕ್ಕದಲ್ಲಿ ಕೂತು, “ತಪ್ಪಾಯ್ತು ಪುಟ್ಟಿ” ಎಂದೆ. “ಹೂಂ” ಎಂದು ಶಾಲೆಯ ಬ್ಯಾಗಿಗೆ ಪುಸ್ತಕ ತುಂಬತೊಡಗಿದಳು. ನಾನು ಲ್ಯಾಪ್‌ಟಾಪ್ ತೆರೆದು, ರಾತ್ರಿ ಒಂಬತ್ತರ ನಂತರದ ಕಾಲ್‌ಗಳಿಗೆ ಬರಲಾಗದು ಎಂದು ಬರೆದೆ. ಸಿಟ್ಟಿಗೆ ಅದರ ಸರಿಯಾದ ವಿಳಾಸ ಸಿಕ್ಕಿತ್ತು.