ದನಿ ನಮ್ಮದು, ಕಿವಿ ಯಾರದು?

ನನ್ನ ಮೊಮ್ಮಗ ಹಳೇ ಕಾರು ತಂದಾನ. ಇಂಜಿನ್ನಿನ ಅಬ್ಬರ ಸೈಲೆನ್ಸರಿನ ಒಳಗ ಬಡಿದು ಬಡಿದು ತಗ್ಗುತ್ತದೆ. ಇವ ಕಡಿಮಿ ರೊಕ್ಕದಾಗ ಅದನ್ನ ಕೊಯ್ಸಿ ಬರೀ ಪೈಪು ಹಾಕಿಸಿದ. "ಮುತ್ತ್ಯಾ, ದನಿ ಹೆಂಗೈತಿ?" ಅಂದ.

ದನಿಯ ಆಸೆ ತಪ್ಪಲ್ಲ. ನಾನೂ ಡೊಳ್ಳಿನ ಹಗ್ಗ ಬಿಗಿದು ದನಿ ಏರಿಸಿದವನೇ. ಆದರೆ ಹಾಸಿಗಿ ಹಿಡಿದ ಮುದುಕಿ ಈ ಸದ್ದಿಗೆ ಎದ್ದು ಎಲ್ಲಿಗೆ ಹೋಗಬೇಕು? ಹಂಗಂತ ಕೇಳಿದೆ.

"ಜಾತ್ರ್ಯಾಗ ರಾತ್ರಿಯೆಲ್ಲ ನಿನ್ನ ಮೈಕು?" ಅಂದ. ನನಗ ಉತ್ತರ ಬರಲಿಲ್ಲ.

2000ರ ಶಬ್ದ ಮಾಲಿನ್ಯ ನಿಯಮದಾಗ ವಸತಿ ಜಾಗಕ್ಕ ರಾತ್ರಿ 10ರಿಂದ ಮುಂಜಾನೆ 6ರ ತನಕ 45 ಡೆಸಿಬಲ್ ಮಿತಿ ಐತಿ. ಅದು ಪದಕ್ಕೂ ಪೈಪಿಗೂ ಒಂದೇ. ಕಾಯ್ದೆಯ ಅಂಜಿಕಿಗಿಂತ ಮುದುಕಿಯ ನಿದ್ದಿ ದೊಡ್ಡದು.

ಈ ಸಲ ಹತ್ತಕ್ಕ ಪದ ನಿಲ್ಲಿಸಿದೆ. ಮೊಮ್ಮಗ ಇನ್ನೂ ಸೈಲೆನ್ಸರ್ ಹಾಕಿಸಿಲ್ಲ. ಆದ್ರ ಅವನ್ನ ಕೇಳೂ ಹಕ್ಕು ಈಗ ನನಗ ಬಂದೈತಿ.