ಹಗ್ಗವಿಲ್ಲದ ಎಳೆತ

ವಿಜ್ಞಾನದ ಗುರುಗಳು ರಜೆ ಹಾಕಿದ ದಿನ ಅವರ ತರಗತಿ ನನ್ನ ಪಾಲಿಗೆ ಬಂತು. ಬಿ.ಎ. ಓದಿದ ನಾನು ಪುಸ್ತಕದಲ್ಲಿದ್ದಷ್ಟನ್ನು ಹೇಳಿ, ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿಟ್ಟು, “ನೋಡ್ರಿ, ಭೂಮಿ ಇದನ್ನ ಎಳೀತು” ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಹಗ್ಗ ಇಲ್ಲ, ಕೈ ಇಲ್ಲ, ಹೆಂಗ ಎಳೀತೈತ್ರಿ ಅಕ್ಕಾರ?” ಎಂದಳು. “ಅದು ಪರೀಕ್ಷೆಗೆ ಬರೂದಿಲ್ಲ, ಕೂಡು” ಎಂದು ಕೂರಿಸಿಬಿಟ್ಟೆ.

ರಾತ್ರಿ ತಳಕಲ್ಲಿನ ಮನೆಯ ಮಾಳಿಗೆಯ ಮೇಲೆ ಕುಳಿತಾಗ ಆ ಮಾತು ಚುಚ್ಚತೊಡಗಿತು. ಅದು ನ್ಯೂಟನ್ನನ ಪ್ರಶ್ನೆಯೂ ಹೌದಲ್ಲವೆ? 1687ರಲ್ಲಿ ಗುರುತ್ವದ ನಿಯಮ ಕೊಟ್ಟ ಆತ, ಅದರ ಕಾರಣ ತನಗೆ ಸಿಕ್ಕಿಲ್ಲವೆಂದು 1713ರ ಆವೃತ್ತಿಯಲ್ಲಿ ಒಪ್ಪಿಕೊಂಡ. 1915ರಲ್ಲಿ ಐನ್‌ಸ್ಟೈನ್ ಬೇರೆಯೇ ಉತ್ತರ ಕೊಟ್ಟರು: ಎಳೆಯುವವರು ಯಾರೂ ಇಲ್ಲ. ಸ್ಥಳ ಮತ್ತು ಕಾಲ ಸೇರಿ ಒಂದೇ ನೇಯ್ಗೆ. ಅದಕ್ಕೆ ದೇಶಕಾಲವೆಂದು ಹೆಸರು. ಭಾರವಾದ ವಸ್ತು ಇದ್ದಲ್ಲಿ ಅದು ಬಾಗುತ್ತದೆ. ಆ ಬಾಗಿನಲ್ಲಿ ವಸ್ತು ತನ್ನ ಪಾಲಿನ ನೇರ ದಾರಿ ಹಿಡಿದು ಸಾಗುವುದನ್ನೇ ನಾವು ಬೀಳುವುದು ಎನ್ನುತ್ತೇವೆ. ಬಾಗುವುದು ಸ್ಥಳವೊಂದೇ ಅಲ್ಲ, ಕಾಲವೂ ಕೂಡ. ನಮ್ಮ ಮೊಬೈಲಿಗೆ ದಾರಿ ತೋರಿಸುವ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುವುದಕ್ಕೆ ಮುಖ್ಯ ಕಾರಣ ಇದೇ. ಅದನ್ನು ಲೆಕ್ಕ ಹಾಕಿ ಸರಿಪಡಿಸದಿದ್ದರೆ ನಾವು ದಾರಿ ತಪ್ಪುತ್ತೇವೆ.

ಹಾಗಾದರೆ ನಾನು ಕಲಿಸಿದ್ದು ಸುಳ್ಳೆ? ಅಲ್ಲ. ‘ಎಳೆತ’ದ ಲೆಕ್ಕ ಇಂದಿಗೂ ಬಹಳ ಕೆಲಸಕ್ಕೆ ಸಾಕು. ಕೂಸಿಗೆ ಮೊದಲು ಮೆತ್ತನ್ನ ಅನ್ನ ಉಣಿಸುವುದು ಮೋಸವಲ್ಲ. ಇಷ್ಟೇ ಊಟ, ಮುಂದೆ ಕೇಳಬೇಡ ಎನ್ನುವುದು ಮೋಸ. ನಾನು ಮಾಡಿದ್ದು ಅದನ್ನೇ.

ಹೀಗೆ ಕೂರಿಸಿದರೆ ಏನು ಕಳೆದುಹೋದೀತು? ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ನೆನಪಾದರು. ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಕಪ್ಪುಕುಳಿಗಳು ಇವೆಯೆಂದೇ ಅನೇಕರು ನಂಬದಿದ್ದ ಕಾಲದಲ್ಲಿ, ಅದನ್ನು ತಟ್ಟಿದರೆ ಏನಾದೀತೆಂದು ಅವರು ಕೇಳಿದರು. ಬಡಿದ ಗಂಟೆಯಂತೆ ಕಂಪಿಸಿ ಅಡಗುತ್ತದೆಂದು 1970ರಲ್ಲಿ ಲೆಕ್ಕದಿಂದಲೇ ತೋರಿಸಿದರು. ಎರಡು ಕಪ್ಪುಕುಳಿ ಕೂಡಿದಾಗ ಎದ್ದ ದೇಶಕಾಲದ ಅಲೆ ಅಮೆರಿಕದ ಲೈಗೊ ಯಂತ್ರಗಳಿಗೆ ತಾಗಿದ್ದು 2015ರ ಸೆಪ್ಟೆಂಬರ್ 14ರಂದು. ಅದರ ಕೊನೆಯಲ್ಲಿ ಅಂಥದೇ ಅಡಗುವ ಕಂಪನವಿತ್ತು. ನಲವತ್ತೈದು ವರ್ಷ ಕಾದ ಉತ್ತರ. 2017ರಲ್ಲಿ ತೀರಿಕೊಳ್ಳುವ ಮೊದಲು ಅವರಿಗೆ ಅದನ್ನು ಕೇಳುವ ಭಾಗ್ಯ ಸಿಕ್ಕಿತು. ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರೂ ಅವರೇ. ಮಕ್ಕಳು ಪ್ರಶ್ನೆ ಹೊತ್ತು ಬರುವ ಜಾಗ ಅದು.

ಮರುದಿನ ಆ ಹುಡುಗಿಯನ್ನು ಎಬ್ಬಿಸಿ, “ನಿನ್ನೀ ಪ್ರಶ್ನೆ ಇನ್ನೊಮ್ಮೆ ಕೇಳವ್ವಾ” ಎಂದೆ. ನನಗೆ ಗೊತ್ತಿದ್ದ ಉತ್ತರ ಹತ್ತು ನಿಮಿಷಕ್ಕೇ ಮುಗಿಯಿತು. ಅವಳು ಇನ್ನೂ ನಿಂತೇ ಇದ್ದಳು, ಕೂಡು ಎನ್ನಲಿಲ್ಲ.