ನೆಲವನ್ನು ಕೊಂಡವರೂ ನೆಲವನ್ನು ಅರಿತವರೂ

ನಮ್ಮ ಚಿಕ್ಕಲಸಂದ್ರವು ಬೆಂಗಳೂರು ಪಟ್ಟಣದೊಳಗೆ ಸೇರಿಹೋಗಿದ್ದಾಗ್ಯೂ ಅದರ ಹೆಸರಿನಲ್ಲಿ ಹಳ್ಳಿಯು ಇನ್ನೂ ಉಳಿದದೆ. ಯಾಕಂದರೆ ಸಂದ್ರವೆಂಬದು ಸಮುದ್ರ, ಅಂದರೆ ಕೆರೆ. ಮೊನ್ನೆ ಇಲ್ಲಿಯ ಒಬ್ಬ ಮುದುಕನು ತನ್ನ ತಂದೆಯು ಉತ್ತ ಹೊಲಗಳ ಹೆಸರುಗಳನ್ನು ಬೆರಳು ಮಡಚಿ ಎಣಿಸಿದನು. ಅವನ ಮೊಮ್ಮಗನು ಅದೇ ನೆಲದ ಮೇಲೆ ಕಟ್ಟಿದ ಮನೆಯಲ್ಲಿ ವಾಸಿಸುತ್ತಾನೆ, ಆದರೆ ಒಂದು ಹೆಸರನ್ನೂ ಅರಿಯನು. ಕ್ರಯಪತ್ರವು ಮಾತ್ರ ಮೊಮ್ಮಗನ ಪೆಟ್ಟಿಗೆಯಲ್ಲಿದೆ. ಹೀಗಿರಲಾಗಿ ಆ ನೆಲವು ಇವರಿಬ್ಬರಲ್ಲಿ ಯಾರದೆಂದು ಹೇಳೋಣ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಂಗತಿಯು ಇದಕ್ಕೆ ತದ್ವಿರುದ್ಧವಾಗಿತ್ತು. ಅವರಿಗೆ ಅರಿವು ಇತ್ತು, ಪತ್ರವಿರಲಿಲ್ಲ. ಅವರು ಕಾಡನ್ನೆಲ್ಲಾ ಎಲ್ಲೆಗಳಾಗಿ ವಿಭಾಗಿಸಿ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಸ್ಥಾನಗಳನ್ನು ಅವುಗಳಲ್ಲಿ ಗುರುತಿಸಿಕೊಂಡಿದ್ದರು. ಕಲ್ಲುಗುಡಿಯು ಸತ್ತ ಹಿರಿಯರ ಸ್ಥಾನ; ಅಬ್ಬಿಯು ನೀರಿನ ಸ್ಥಾನ. ದೊಡ್ಡ ಸಂಪಿಗೆ ಮರವು ಅವರಿಗೆ ಎಲ್ಲಕ್ಕಿಂತ ಪೂಜ್ಯವಾದದ್ದು. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಪೋಡುಗಳು ಕಾಡಿನೊಳಗಿಂದ ಎಬ್ಬಿಸಲ್ಪಟ್ಟವು, ಕಾಡಿನ ಬೇಸಾಯವೂ ಬೇಟೆಯೂ ನಿಂತವು. ಅವರು ಬೇಸಗೆಯ ಆರಂಭದಲ್ಲಿ ಒಣಗಿದೆಲೆಗಳಿಗೆ ಹಚ್ಚುತ್ತಿದ್ದ ತರಗು ಬೆಂಕಿಯೂ ಅಪರಾಧವಾಯಿತು. ಈ ಬೆಂಕಿ ನಿಂತಂದಿನಿಂದ ಲಂಟಾನವು ಕಾಡನ್ನು ನುಂಗಿತು, ನೆಲ್ಲಿಮರಗಳಿಗೆ ಬದನಿಕೆ ಹತ್ತಿತು ಎಂದು ಮುದುಕರು ಹೇಳುತ್ತಾ ಬಂದರು. ಓದು ಬಾರದವರ ಮಾತೆಂದು ಯಾರೂ ಲಕ್ಷಿಸಲಿಲ್ಲ. ಆದರೆ ತರುವಾಯ ಕಾಡನ್ನು ಪರೀಕ್ಷಿಸಿದ ಪಂಡಿತರು ಆ ಮಾತನ್ನೇ ತೂಗಿನೋಡಬೇಕಾಯಿತು.

2006ರಲ್ಲಿ ಅರಣ್ಯ ಹಕ್ಕುಗಳ ಕಾಯಿದೆಯು ಉಂಟಾಯಿತು. ಸೋಲಿಗ ಹಿರಿಯರು ಕಾಡಿನಲ್ಲಿ ನಡೆದು ಸ್ಥಳಗಳನ್ನು ತೋರಿಸಲು, ನಾನೂರಕ್ಕೂ ಹೆಚ್ಚು ಸ್ಥಾನಗಳು ನಕ್ಷೆಯಲ್ಲಿ ಬರೆಯಲ್ಪಟ್ಟವು. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರುಷ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕಿನ ಪತ್ರಗಳೂ ದೊರೆತವು.

ಸಮುದ್ರದಾಚೆಯೂ ಇಂಥದ್ದುಂಟು. ಅಮೇರಿಕದ ಬ್ಲ್ಯಾಕ್‌ಫೀಟ್ ಜನರು 1895ರಲ್ಲಿ ಬಿಟ್ಟುಕೊಟ್ಟ ಪರ್ವತಗಳು ಬಳಿಕ ರಾಷ್ಟ್ರೀಯ ಉದ್ಯಾನದ ಭಾಗವಾದವು. ಅವರ ಪೂರ್ವಿಕರು ಆಶ್ರಯಿಸಿದ್ದ ಕಾಡೆಮ್ಮೆಗಳಲ್ಲಿ 87 ಮರಿಗಳು 2016ರಲ್ಲಿ ಕೆನಡಾದಿಂದ ಅವರ ನೆಲಕ್ಕೆ ತರಲ್ಪಟ್ಟವು.

ಆ ಕಲ್ಲು ಮರಗಳ ಸಂಗತಿಯು ನಮಗೇಕೆಂದು ನಮ್ಮವರಲ್ಲಿ ಕೆಲವರು ಕೇಳಾರು. ನಾವು ಅಲ್ಲಿ ಅಡ್ಡಬೀಳುವವರಲ್ಲ, ನಿಜ. ಆದರೆ ನಾಬೋತನ ದ್ರಾಕ್ಷೇತೋಟಕ್ಕೆ ಅರಸನು ಬೆಲೆಯನ್ನಾಗಲಿ ಅದಕ್ಕಿಂತ ಉತ್ತಮವಾದ ತೋಟವನ್ನಾಗಲಿ ಕೊಡುತ್ತೇನೆಂದಾಗ ಅವನು ಯಾಕೆ ಒಪ್ಪಲಿಲ್ಲ? ಪಿತೃಗಳ ಸ್ವಾಸ್ತ್ಯವು ಮತ್ತೊಂದು ತೋಟದಿಂದ ತೀರುವಂಥದ್ದಲ್ಲವೆಂದಷ್ಟೇ. ಇದನ್ನು ಓದಿ ನಾಬೋತನಿಗಾಗಿ ಮರುಗುವವನು ಸೋಲಿಗನನ್ನು ಕಂಡಾಗ ಮಾತ್ರ, ಬೇರೆ ಜಾಗ ಕೊಟ್ಟರಾಯಿತಲ್ಲಾ, ಅನ್ನುವದು ನ್ಯಾಯವೋ? ಹುಲಿಯೂ ಉಳಿಯಬೇಕು, ಇದನ್ನು ಅಲ್ಲಗಳೆಯಲಾರೆನು. ಆದರೆ ಹುಲಿಯಿರುವ ಕಾಡಿನಲ್ಲಿಯೇ ಸೋಲಿಗರು ತಲೆತಲಾಂತರದಿಂದ ಬಾಳಿದರಷ್ಟೆ.

ನನ್ನನ್ನು ಹೆಚ್ಚಾಗಿ ಬಾಧಿಸುವ ಸಂದೇಹವು ಬೇರೆ. ಪತ್ರ ಬಂದ ಮೇಲೆ ಅರಿವು ಉಳಿಯುವದೋ? ಕೂಲಿಗಾಗಿ ಬೆಟ್ಟವನ್ನಿಳಿಯುವ ಹುಡುಗನಿಗೆ ಅಬ್ಬಿಯ ದಾರಿಯನ್ನು ಯಾರು ತೋರಿಸುವರು? ನಕ್ಷೆಯು ಸ್ಥಳವನ್ನು ತೋರಿಸೀತು; ಅಲ್ಲಿ ಯಾವ ಹಾಡು ಹಾಡಬೇಕೆಂಬದನ್ನು ತೋರಿಸದು. ನಮ್ಮೂರ ಮೊಮ್ಮಗನು ಇದಕ್ಕೆ ಸಾಕ್ಷಿಯಾಗಿದ್ದಾನೆ.

ಆ ಮುದುಕನು ಹೇಳಿದ ಏಳು ಹೆಸರುಗಳನ್ನು ನಾನು ಪುಸ್ತಕದಲ್ಲಿ ಬರಕೊಂಡೆನು. ಎಂಟನೆಯದು ಅವನಿಗೆ ಮರೆತುಹೋಗಿತ್ತು. ರಾತ್ರಿ ನೆನಪಾದರೆ ಹುಡುಗನ ಕೈಯಲ್ಲಿ ಹೇಳಿಕಳುಹಿಸುತ್ತೇನೆಂದನು.